ಮೇಷ್ಟರ ಜೀವಕೋಶ
ಕಾಣದ್ದನ್ನು ಕಂಡವರಂತೆ ಹೇಳುವುದು ಮೇಷ್ಟರುಗಳಿಗೆ ಅಭ್ಯಾಸವಾಗಿಬಿಡುತ್ತದೆ. ನಾನು ಸಮುದ್ರ ನೋಡುವ ಮೊದಲೇ ಉಬ್ಬರವಿಳಿತದ ಪಾಠ ಮಾಡಿದವನು. ನಾಗಮಂಗಲದ ಕಡೆಯ ಒಂದು ಹೈಸ್ಕೂಲಿನಲ್ಲಿ ಎಂಟು ವರ್ಷ ಜೀವಕೋಶದ ಪಾಠವನ್ನೂ ಹಾಗೆಯೇ ಮಾಡಿದೆ. ಜೀವಿಗಳೆಲ್ಲ ಕೋಶಗಳಿಂದಾಗಿವೆ, ಕೋಶದಿಂದಲೇ ಕೋಶ ಹುಟ್ಟುತ್ತದೆ, ಸಸ್ಯಕೋಶಕ್ಕೆ ಗೋಡೆಯುಂಟು, ಪ್ರಾಣಿಕೋಶಕ್ಕಿಲ್ಲ. ಇಷ್ಟನ್ನು ಗಡಗಡನೆ ಒಪ್ಪಿಸಿ, ಬೋರ್ಡಿನ ಮೇಲೊಂದು ದುಂಡಗಿನ ಗೆರೆ ಎಳೆದು, ನಡುವೆ ಚುಕ್ಕೆಯಿಟ್ಟು ಕೋಶಕೇಂದ್ರವೆನ್ನುತ್ತಿದ್ದೆ. ಪುಸ್ತಕದಲ್ಲಿದ್ದದ್ದು ಆ ಒಂದೇ ಚಿತ್ರ. ನಾನು ಕಂಡಿದ್ದ ಕೋಶವೂ ಅದೊಂದೇ.

ಒಂಬತ್ತನೆಯ ವರ್ಷ ಮೈಸೂರಿನಿಂದ ಬಸ್ಸಿನಲ್ಲಿ ಸೂಕ್ಷ್ಮದರ್ಶಕ ಬಂತು. ನಮ್ಮಲ್ಲಿ ಹೊಸ ನೇಗಿಲಿಗೂ ಪೂಜೆಯಾಗದೆ ಕೆಲಸ ಶುರುವಾಗುವುದಿಲ್ಲ. ಹೆಡ್‌ಮಾಸ್ಟರು ಶುಕ್ರವಾರವೇ ಆಗಲಿ ಎಂದರು. ಜವಾನ ಸಿದ್ದಯ್ಯ ತೆಂಗಿನಕಾಯಿ ಒಡೆದು, ಕುಂಕುಮದ ಬಟ್ಟಲು ಹಿಡಿದು ಎಲ್ಲಿಗಿಡಲಿ ಎಂದು ಕೇಳಿದ. ನೆತ್ತಿಗಿಡು ಎಂದವನು ನಾನೇ. ಆ ಯಂತ್ರಕ್ಕೆ ನೆತ್ತಿಯಲ್ಲೇ ಕಣ್ಣು. ಆಮೇಲೆ ಹೆಬ್ಬೆರಳಿನಿಂದ ಒರೆಸಿದೆ, ಹೋಯಿತೆಂದುಕೊಂಡೆ.

ಗಾಜಿನ ಪಟ್ಟಿಯ ಮೇಲೆ ಈರುಳ್ಳಿಯ ತೆಳುಪೊರೆ ಇಟ್ಟು ಬಗ್ಗಿ ನೋಡಿದೆ. ದುಂಡಗಿನ ಬೆಳಕು, ನಡುವೆ ಮಸುಕು ಮಸುಕಾದ ಕೆಂಪು ಚುಕ್ಕೆ! ಎಂಟು ವರ್ಷ ನಾನು ಬರೆದ ಚಿತ್ರವೇ ಎದ್ದು ಬಂದಂತಿತ್ತು. ನನಗೆ ನಿಜಕ್ಕೂ ಕಣ್ಣು ತುಂಬಿತು. ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನೋಟ ಹೊಂದಿಸುವ ತಿರುಪು ಮುಟ್ಟಿದರೆ ಕೈ ಮುರಿಯುತ್ತೇನೆಂದು ಹೆದರಿಸಿ, ಕೋಶಕೇಂದ್ರದ ದರ್ಶನ ಮಾಡಿಸಿದೆ. ಎಲ್ಲರೂ ಕಂಡಿತು ಎಂದರು. ಕಾಣಲಿಲ್ಲವೆಂದರೆ ನಾನು ಬಿಡುತ್ತಿದ್ದೆನೆ?

ರೈತರ ಮನೆಯ ಹುಡುಗಿ ಸಾಕಮ್ಮ ಮಾತ್ರ ತಿರುಪನ್ನು ಮೆಲ್ಲಗೆ ತಿರುಗಿಸಿಬಿಟ್ಟಳು. ಬಹಳ ಹೊತ್ತು ನೋಡಿ, "ಸಾ, ಇಟ್ಟಿಗೆ ಜೋಡಿಸ್ದಂಗೆ ಸಾಲಾಗಿ ಕಾಣ್ತದೆ. ಆ ಕೆಂಪು ಚುಕ್ಕೆ ಗಾಜು ಸರಿಸುದ್ರೂ ಅಲ್ಲೇ ಅದೆ" ಎಂದಳು. ಗೋಡೆ ಗೋಡೆ ಎಂದು ವರ್ಷಗಟ್ಟಲೆ ಬಾಯಲ್ಲಿ ಹೇಳಿದ ನನಗೆ, ಒಬ್ಬಳು ಗೋಡೆ ಕಂಡಾಗ ಸಿಟ್ಟು ಬಂತು. ತಿರುಪು ಮುಟ್ಟಿದ್ದಕ್ಕೆ ಪಾಠ ಮುಗಿಯುವವರೆಗೂ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ನಾನು ತೋರಿಸಿದ್ದನ್ನು ಎಲ್ಲರೂ ಚಿತ್ರ ಬರೆದು ತರಬೇಕೆಂದೂ ಹೇಳಿದೆ. ಮಾರನೆಯ ದಿನ ಎಲ್ಲರ ಪುಸ್ತಕಗಳಿಗೂ ಹರಟೆ ಹೊಡೆಯುತ್ತಲೇ ಸಹಿ ಹಾಕಿ ಮುಗಿಸಿದೆ.

ಸಿದ್ದಯ್ಯ ಒಳ್ಳೆಯವನು, ಕಂಡದ್ದನ್ನೆಲ್ಲ ಒರೆಸುವವನು. ಅದೇ ಶನಿವಾರ ಶಾಲೆ ಬಿಟ್ಟ ಮೇಲೆ ಯಂತ್ರದ ನೆತ್ತಿಯನ್ನು ಪಂಚೆಯ ತುದಿಯಿಂದ ಚೆನ್ನಾಗಿ ಉಜ್ಜಿದ. ನಾನು ನೋಡಿದರೆ ಕೋಶಕೇಂದ್ರವೇ ಇಲ್ಲ. ಏನು ಮಾಡಿದೆಯೋ ಎಂದು ಅವನ ಮೇಲೆ ಹಾರಾಡಿದೆ. "ಕುಂಕುಮ ಮೆತ್ಕೊಂಡಿತ್ತು ಸಾ, ತೆಗ್ದೆ" ಎಂದು ಪಂಚೆಯ ತುದಿ ತೋರಿಸಿದ. ಮತ್ತೆ ಬಗ್ಗಿ ತಿರುಪು ತಿರುಗಿಸಿದೆ. ಸಾಲು ಸಾಲು ಇಟ್ಟಿಗೆ, ಒಂದೊಂದರಲ್ಲೂ ಸಣ್ಣ ಕಾಳಿನಷ್ಟು ಕೋಶಕೇಂದ್ರ. ಎಷ್ಟು ಚೆಂದವಾಗಿತ್ತೆಂದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಭಾನುವಾರವಿಡೀ ಕ್ಷಮೆಯ ಮಾತು ಜೋಡಿಸಿಕೊಂಡೆ. ಸೋಮವಾರ ತರಗತಿಗೆ ಹೋದಾಗ ಬಾಯಿಗೆ ಬಂದದ್ದು ಬೇರೆಯೇ. ಯಂತ್ರದಲ್ಲಿ ಸ್ವಲ್ಪ ದೋಷವಿತ್ತು, ಈಗ ಸರಿಹೋಗಿದೆ ಎಂದುಬಿಟ್ಟೆ. ದೋಷ ಯಾರದೆಂದು ನಾನು ಹೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಸಾಕಮ್ಮನ ಪುಸ್ತಕವನ್ನಾದರೂ ತಿದ್ದಿ ಮನಸ್ಸು ಹಗುರ ಮಾಡಿಕೊಳ್ಳೋಣವೆಂದು ಅದನ್ನು ಕೇಳಿದೆ. ಅವಳು ಎದೆಗವಚಿಕೊಂಡು, "ಬ್ಯಾಡಿ ಸಾ, ನೀವು ಆಗ್ಲೇ ನೋಡ್ಬುಟ್ಟಿದ್ದೀರ" ಎಂದಳು.

ಬಿಡಿಸಿಕೊಂಡು ತೆರೆದೆ. ಎಡಪುಟದಲ್ಲಿ ಇಟ್ಟಿಗೆಯ ಸಾಲು, ಒಂದೊಂದರಲ್ಲೂ ಕಾಳು. ಕೆಳಗೆ 'ನನಗೆ ಕಂಡದ್ದು' ಎಂದಿತ್ತು. ಬಲಪುಟದಲ್ಲಿ ದುಂಡಗಿನ ಗೆರೆ, ನಡುವೆ ಕೆಂಪು ಚುಕ್ಕೆ. ಕೆಳಗೆ 'ಮೇಷ್ಟರಿಗೆ ಕಂಡದ್ದು' ಎಂದಿತ್ತು. ಅದರ ಪಕ್ಕದಲ್ಲಿ, ನನ್ನದೇ ಕೈಬರಹದಲ್ಲಿ, 'ನೋಡಿದ್ದೇನೆ' ಎಂದು ಬರೆದು ಸಹಿ ಹಾಕಿದ್ದೆ.