ಕಾಕ್‌ಪಿಟ್‌ನ ‘ಮೂದೇವಿ’ಯನ್ನು ಉಳಿಸಿಕೊಡುವ ಕುರಿತು

ಇಂದ,
ಅಹಲ್ಯಾ ಕೆ.ಎನ್.
ಟೆಸ್ಟ್ ಎಂಜಿನಿಯರ್ (ಡೆಪ್ಯುಟೇಶನ್ ಮೇಲೆ)
ವಿಮಾನ ಸಿಮ್ಯುಲೇಟರ್ ವಿಭಾಗ, ನಗೋಯಾ

ಗೆ,
ಶ್ರೀ ಅಶೋಕ ಅವರು
ಪ್ರಾಜೆಕ್ಟ್ ಮ್ಯಾನೇಜರ್, ಬೆಂಗಳೂರು ಕಛೇರಿ

ದಿನಾಂಕ: 14 ಮಾರ್ಚ್ 2000

ವಿಷಯ: ಅಪ್‌ಡೇಟ್ 2.1ರ ಎಚ್ಚರಿಕೆ ಧ್ವನಿಯಿಂದ ‘ಮೂದೇವಿ’ ಎಂಬ ಪದವನ್ನು ತೆಗೆಯದಿರುವ ಬಗ್ಗೆ.

ಉಲ್ಲೇಖ: ಬಿಡುಗಡೆಯನ್ನು ತಡೆಹಿಡಿದು ತಾವು ಕಳೆದ ವಾರ ಕಳುಹಿಸಿದ ಇಮೇಲ್, ‘ಯಾರ್ರೀ ಇದು ಮಾಡಿದ್ದು?’

ಮಾನ್ಯರೇ,

ತಮ್ಮ ಪ್ರಶ್ನೆಗೆ ಉತ್ತರ: ನಾನು. ಇಲ್ಲಿ ಬೇರೆ ಯಾರೂ ಓದಬಾರದೆಂಬ ಕಾರಣಕ್ಕೆ ವಿವರವನ್ನು ಕನ್ನಡದಲ್ಲಿ ಸಲ್ಲಿಸುತ್ತಿದ್ದೇನೆ.

1. ಎರಡು ಸಾವಿರದ ಇಸವಿಯ ಕಂಪ್ಯೂಟರ್ ಗಂಡಾಂತರ (ವೈ2ಕೆ) ಎದುರಿಸಲು ನನ್ನನ್ನು ಇಲ್ಲಿಗೆ ಕಳುಹಿಸಲಾಗಿತ್ತು. ಜನವರಿ ಒಂದರಂದು ಏನೂ ಆಗದ ಕಾರಣ, ಪೈಲಟ್ ತರಬೇತಿಯ ಸಿಮ್ಯುಲೇಟರ್ ಪರೀಕ್ಷೆಗೆ ಹಾಕಲಾಯಿತು. ವಿಮಾನ ಬೀಳಿಸುವುದೇ ನನ್ನ ಕೆಲಸ.

2. ಈ ಅಪ್‌ಡೇಟ್‌ನಲ್ಲಿ ಹಳೆಯ ಇಂಗ್ಲಿಷ್ ಎಚ್ಚರಿಕೆಯ ಬದಲು ಜಪಾನಿ ಧ್ವನಿ ಸೇರಿಸಲಾಯಿತು. ಬರೆದು ಹೇಳಿದವರು ಇದೇ ಮಾರ್ಚ್ 31ಕ್ಕೆ ನಿವೃತ್ತರಾಗುವ ಹಿರಿಯ ಎಂಜಿನಿಯರ್ ನಿವಾ-ಸಾನ್. ಅದರ ಅರ್ಥ: ‘ತಮ್ಮ ಕೆಲಸದ ನಡುವೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ, ನೆಲ ತುಸು ಸಮೀಪಿಸಿದಂತಿದೆ, ಸಾಧ್ಯವಾದಲ್ಲಿ ವಿಮಾನದ ಮೂತಿಯನ್ನು ಮೇಲೆತ್ತುವ ಕೃಪೆ ಮಾಡುವಿರಾ?’ ಇದಕ್ಕೆ ಹನ್ನೊಂದು ಸೆಕೆಂಡು ಬೇಕು. ನೆಲ ಎಂಟನೆಯ ಸೆಕೆಂಡಿಗೇ ಬರುತ್ತದೆ.

3. ಇದನ್ನು ಕಂಡೂ ನಾನು ನಾಲ್ಕು ದಿನ ದೋಷ ದಾಖಲಿಸಲಿಲ್ಲ. ಕಾರಣ, ನಾನು ಬಂದ ವಾರವೇ ನಿವಾ-ಸಾನ್ ‘ಈಕೆ ಮಾಂಸ, ಮೀನು, ಮೀನಿನ ಸಾರು ಯಾವುದನ್ನೂ ತಿನ್ನುವುದಿಲ್ಲ’ ಎಂದು ಜಪಾನಿಯಲ್ಲಿ ಬರೆದ ಕಾರ್ಡೊಂದನ್ನು ಕೊಟ್ಟಿದ್ದರು. ಅದನ್ನು ತೋರಿಸಿಯೇ ಎರಡು ತಿಂಗಳು ಊಟ ಮಾಡಿದ್ದೇನೆ. ಅಂಥವರ ಧ್ವನಿಯನ್ನು ದೋಷವೆಂದು ಬರೆಯಲು ಕೈ ಬರಲಿಲ್ಲ. ಐದನೆಯ ದಿನ ಹೋಗಿ ಹೇಳಿದೆ. ನಮ್ಮಿಬ್ಬರ ಮುರುಕು ಇಂಗ್ಲಿಷಿನ ಸಾರ ಹೀಗಿದೆ:

“ನಾಲ್ಕು ದಿನದಲ್ಲಿ ಎಷ್ಟು ವಿಮಾನ ಬಿತ್ತು, ಅಹಲ್ಯಾ-ಸಾನ್?”

“ಮೂವತ್ತಾರು.”

“ಹಾಗಾದ್ರೆ ಬರೀರಿ. ನನ್ನ ಹೆಸರನ್ನೂ ಹಾಕಿ.”

4. ಆದ್ದರಿಂದ ಅವರು ಜಪಾನಿಯಲ್ಲಿ ‘ಮೇಲೆತ್ತಿ’ ಎಂದಷ್ಟೇ ಮತ್ತೆ ರೆಕಾರ್ಡ್ ಮಾಡಿದರು. ಎಂಜಿನ್ ಸದ್ದಿನಲ್ಲಿ ಅದು ಕೇಳಿಸಲೇ ಇಲ್ಲ. ಮೂವತ್ತಾರು ವರ್ಷದ ನೌಕರಿಯಲ್ಲಿ ಯಾರ ಮೇಲೂ ಕೂಗಿಲ್ಲವೆಂದು ನಾಚಿಕೊಂಡರು. ಆದಕಾರಣ, ಊಟದ ವಿರಾಮದಲ್ಲಿ ಶೋನಾಯಿ ನದಿಯ ದಂಡೆಗೆ ಕರೆದೊಯ್ದು ಕೂಗಲು ಕಲಿಸಿದೆ. ಒಮ್ಮೆ ಕೂಗಿದರು, ಅಲ್ಲೇ ಹೋಗುತ್ತಿದ್ದವರಿಗೆ ಬಾಗಿ ‘ಸುಮಿಮಾಸೆನ್’ (ಕ್ಷಮಿಸಿ) ಎಂದರು, ಅವರ ನಾಯಿಗೂ ಎಂದರು.

5. ಸಂಕೋಚ ಇರುವುದು ಅವರ ಭಾಷೆಯಲ್ಲಿ. ನಮ್ಮದರಲ್ಲಿ ಇರಲಾರದೆಂದು ತೋಚಿತು. ಮೈಸೂರಿನಲ್ಲಿ ನನಗೆ ಲೂನಾ ಮೊಪೆಡ್ ಓಡಿಸಲು ಕಲಿಸಿದ ಸೋದರತ್ತೆ ಚಾಮುಂಡೇಶ್ವರಿ ಹಿಂದೆ ಕೂತು ಕೂಗುತ್ತಿದ್ದ ರೀತಿಯಲ್ಲೇ “ಎತ್ತೋ, ಮೂದೇವಿ!” ಎಂದು ಕೂಗಿ ತೋರಿಸಿದೆ. ಕೊನೆಯ ಪದ ಬಾಯ್ತಪ್ಪಿ ಬಂದದ್ದು. ನಿವಾ-ಸಾನ್ ಕಣ್ಣು ಮುಚ್ಚಿ ಅದನ್ನೂ ಸೇರಿಸಿ ಕೂಗಿದರು. ನದಿಯಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದುಹೋದವು. ಅವರ ಮುಖ ಕೆಂಪಾಗಿತ್ತು, ಇನ್ನೊಮ್ಮೆ ಕೂಗಲೇ ಎಂದು ಕೇಳಿದರು.

ಮೂದೇವಿ ಎಂದರೇನು ಎಂದೂ ಕೇಳಿದರು. ‘ವಿಮಾನದ ಮೂತಿ’ ಎಂದು ಹೇಳಿಬಿಟ್ಟೆ.

6. ಆ ಕೂಗನ್ನೇ ಅವರ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಹಾಕಿದೆವು. ಹೊಸ ಧ್ವನಿಯ ಅವಧಿ ಒಂದೂಕಾಲು ಸೆಕೆಂಡು. ಮತ್ತೆ ಮೂವತ್ತಾರು ಪರೀಕ್ಷೆ, ಒಂದೂ ವಿಮಾನ ಬೀಳಲಿಲ್ಲ. ಅರ್ಥವಾಗದಿದ್ದರೂ ಎಲ್ಲರ ಕೈ ತಾನಾಗಿ ಮೂತಿಯನ್ನು ಮೇಲೆತ್ತುತ್ತದೆ. ಸಹೋದ್ಯೋಗಿಗಳು ಅದನ್ನು ವಾಯುಯಾನದ ಇಂಗ್ಲಿಷ್ ಪದವೆಂದು ತಿಳಿದು ಬರೆದುಕೊಂಡಿದ್ದಾರೆ. ಬೆಂಗಳೂರಿನಲ್ಲಿ ತಾವು ಕೇಳಿಸಿಕೊಳ್ಳುವವರೆಗೆ ದೂರುಗಳಿರಲಿಲ್ಲ.

7. ತಮ್ಮ ಇಮೇಲ್ ಬಂದ ಮೇಲೆ ಸುಳ್ಳನ್ನು ಹೊತ್ತು ತಿರುಗಲಾರದೆ, ಅದು ಅತ್ತೆ ನನ್ನನ್ನು ಬಯ್ಯುತ್ತಿದ್ದ ಪದವೆಂದು ನಿನ್ನೆ ನಿವಾ-ಸಾನ್‌ಗೆ ನಿಜ ಹೇಳಿದೆ. ನನಗೆ ಅಳುವೇ ಬಂತು.

“ನಿಮ್ಮ ಅತ್ತೆ ನಿಮ್ಮನ್ನ ದ್ವೇಷ ಮಾಡ್ತಿದ್ರಾ?”

“ಇಲ್ಲ. ನಾನು ಬಿದ್ದು ಮಂಡಿ ಒಡೆದಾಗ ಆಸ್ಪತ್ರೆವರೆಗೂ ಎತ್ತಿಕೊಂಡು ಓಡಿದ್ರು. ದಾರಿಯುದ್ದಕ್ಕೂ ಅದೇ ಪದ.”

“ಹಾಗಾದ್ರೆ ಸರಿಯಾದ ಪದವೇ. ಇರಲಿ ಬಿಡಿ,” ಎಂದು ನಕ್ಕರು. ಅವರ ಹಲ್ಲು ನೋಡಿದ್ದು ಅದೇ ಮೊದಲು.

ಆದ್ದರಿಂದ ಅಪ್‌ಡೇಟ್ 2.1ನ್ನು ಇದ್ದ ಧ್ವನಿಯಲ್ಲೇ, ನಿವಾ-ಸಾನ್ ಇನ್ನೂ ಕಛೇರಿಯಲ್ಲಿರುವಾಗಲೇ ಬಿಡುಗಡೆ ಮಾಡಬೇಕೆಂದೂ, ಶಿಸ್ತುಕ್ರಮವಿದ್ದಲ್ಲಿ ಅದನ್ನು ನನಗೆ ಮಾತ್ರ ಸೀಮಿತಗೊಳಿಸಬೇಕೆಂದೂ ಕೋರುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ಅಹಲ್ಯಾ ಕೆ.ಎನ್.

ಲಗತ್ತುಗಳು:
1. ಪರೀಕ್ಷಾ ವರದಿ, ಬಿದ್ದದ್ದು 36, ಬೀಳದ್ದು 36.
2. ಧ್ವನಿಯ ಕ್ಯಾಸೆಟ್ (ದಯವಿಟ್ಟು ಹೆಡ್‌ಫೋನಿನಲ್ಲಿ ಕೇಳುವುದು).
3. ಭಾಷಣದ ಕರಡು, ಎರಡು ಪುಟ.

ಮೂರನೆಯ ಲಗತ್ತಿನ ಬಗ್ಗೆ ವಿಶೇಷ ವಿನಂತಿ: ನಿವಾ-ಸಾನ್ ತಮ್ಮ ಬೀಳ್ಕೊಡುಗೆಯಲ್ಲಿ, ಕಂಪನಿಯ ಅಧ್ಯಕ್ಷರ ಎದುರು, ಕನ್ನಡದಲ್ಲಿ ಮಾತನಾಡಲು ತೀರ್ಮಾನಿಸಿದ್ದಾರೆ. ಪದಗಳನ್ನು ಅವರೇ, ವಿಮಾನ ಬಿದ್ದಾಗಲೆಲ್ಲ ನನ್ನ ಬಾಯಿಂದ ಕೇಳಿ ಕೇಳಿ ಸಂಗ್ರಹಿಸಿದ್ದಾರೆ. ಆದಕಾರಣ, ಕರಡನ್ನು ಖುದ್ದು ತಾವೇ ತಿದ್ದಿ, 31ರೊಳಗೆ ಕಳುಹಿಸಿಕೊಡಬೇಕು.