ಮಿಕ್ಕ ಒಂದು ಪಾರ್ಟು

ಹೆಂಡತಿ: ತಟ್ಟೆ ಸ್ಟ್ಯಾಂಡಿನಲ್ಲಿ ಚಕ್ರದ ಮುಚ್ಚಳ ಯಾಕಿದೆ ಅಂತ ಕೇಳಿದ್ರೆ, ‘ಒಣಗ್ತಾ ಇದೆ’ ಅಂತೀರಲ್ಲ ರೀ! ಬೆಳಿಗ್ಗೆ ನನ್ನ ತಮ್ಮನಿಗೆ ಅದರಲ್ಲೇ ತಿಂಡಿ ಹಾಕಿಕೊಟ್ಟೆ, ಗೊತ್ತಾ?

ಗಂಡ: ಗೀರು ಬಿತ್ತಾ?

ಹೆಂಡತಿ: ಅವನಿಗಾ?

ಗಂಡ: ಮುಚ್ಚಳಕ್ಕೆ ಕಣೇ!

ಗಂಡನ ಮಾತು ಬರುತ್ತಿದ್ದುದು ಕಾರಿನ ಅಡಿಯಿಂದ. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತನಾದ ಈ ಮಹಾಶಯ, ಇಬ್ಬರಷ್ಟೇ ಕೂರಬಹುದಾದ ಹಳೇ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದು, ಮನೆ ಪಕ್ಕದ ಶೆಡ್ಡಿನಲ್ಲಿ ಹರವಿಕೊಂಡು ಕೂತು ನಾಲ್ಕು ವರ್ಷವಾಗಿತ್ತು. ಕಾರು ಮನೆಗೆ ಬಂದದ್ದು ಲಾರಿಯ ಮೇಲೆ. ಆಮೇಲೆ ಅದು ಎಲ್ಲಿಗೂ ಹೋಗಿರಲಿಲ್ಲ.

ಹೆಂಡತಿ: ನಾಲ್ಕು ವರ್ಷದಲ್ಲಿ ನನ್ನ ಒಂದು ಸಲವಾದ್ರೂ ಇದರಲ್ಲಿ ಕೂರಿಸಿದ್ದೀರಾ?

ಗಂಡ: ಸೀಟಿನ ಚರ್ಮ ಹೊಸದು ಕಣೇ.

ಹೆಂಡತಿ: ನನ್ನ ಚರ್ಮ ಹಳೇದು ಅಂತಾನಾ?

ಪಾದಗಳು ಇನ್ನಷ್ಟು ಒಳಗೆ ಸರಿದವು. ಅಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಭಾಮೈದ ಪ್ರತ್ಯಕ್ಷನಾದ. ತಲೆ ಮೇಲೆ ಚರ್ಮದ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕುತ್ತಿಗೆಗೆ ಗಾಳಿಯಲ್ಲಿ ಹಾರಲೆಂದೇ ಕೊಂಡ ಉದ್ದನೆಯ ವಸ್ತ್ರ. ಶೆಡ್ಡಿನಲ್ಲಿ ಗಾಳಿ ಇಲ್ಲದ್ದರಿಂದ ಅದು ಸುಮ್ಮನೆ ಜೋತುಬಿದ್ದಿತ್ತು.

ಭಾಮೈದ: ಭಾವ, ನಾಳೆ ಹಳೇ ಕಾರುಗಳ ಮೆರವಣಿಗೆ. ಗಾಡಿ ರೆಡಿ ತಾನೇ?

ಗಂಡ: ಕೊನೇ ಬೋಲ್ಟು ಬಿಗೀತಾ ಇದೀನಿ ಕಣಯ್ಯಾ.

ಭಾಮೈದ: ಹೋದ ವರ್ಷಾನೂ ಕೊನೇ ಬೋಲ್ಟೇ ಬಿಗೀತಾ ಇದ್ರಿ. ಈ ಸಲ ಪಕ್ಕದ ಸೀಟಲ್ಲಿ ನಾನೇ ಕೂರೋದು ಅಂತ ಇಡೀ ಆಫೀಸಿಗೆ ಸಾರಿಬಿಟ್ಟಿದೀನಿ. ಸಾಹೇಬರು ಮನೆಮಂದಿ ಸಮೇತ ರಸ್ತೆ ಬದಿ ನಿಂತ್ಕೋತಾರೆ. ಕಾರು ಬರಲಿಲ್ಲ ಅಂದ್ರೆ ನಾನು ಸೋಮವಾರ ಯಾವ ಮುಖ ಇಟ್ಕೊಂಡು ಹೋಗ್ಲಿ?

ಗಂಡ: ಹೋದ ವರ್ಷ ಒಂದು ಪಾರ್ಟು ಮಿಕ್ಕಿತಲ್ಲಯ್ಯಾ! ಎಲ್ಲಾ ಜೋಡಿಸಿ ನೋಡ್ತೀನಿ, ಟ್ರೇನಲ್ಲಿ ಒಂದು ಪಾರ್ಟು ಕೂತಿದೆ. ನಮ್ಮ ಕಾರ್ಖಾನೇಲಿ ಒಂದೇ ನಿಯಮ. ಒಂದು ವಾಷರ್ ಮಿಕ್ಕಿದ್ರೂ ಪೂರ್ತಿ ಬಿಚ್ಚಬೇಕು.

ಭಾಮೈದ: ಅದಕ್ಕೇ ಇರ್ಬೇಕು, ಕಾರ್ಖಾನೆ ಮುಚ್ಚಿದ್ದು.

ಗಂಡ ಕಾರಿನ ಅಡಿಯಿಂದ ತೆವಳಿಕೊಂಡು ಹೊರಬಂದ. ಮೂಗಿನ ಮೇಲೆ ಗ್ರೀಸು, ಮುಖದ ಮೇಲೆ ಗೆದ್ದ ಕಳೆ.

ಗಂಡ: ಈ ಸಲ ಏನೂ ಮಿಕ್ಕಿಲ್ಲ. ನೋಡು, ಟ್ರೇ ಖಾಲಿ! ಇವತ್ತಿಗೆ ಕಾರಿನ ಕೆಲಸ ಮುಗೀತು. ಸೋಮವಾರದಿಂದ ಅಡುಗೆಮನೆಗೆ ಕೈ ಹಾಕ್ತೀನಿ.

ಹೆಂಡತಿ: ಯಾವ ಅಡುಗೆಮನೆಗೆ?

ಗಂಡ: ನಮ್ದಕ್ಕೇ. ಡಬ್ಬಿಗಳೆಲ್ಲಾ ಎತ್ತರದ ಪ್ರಕಾರ ನಿಲ್ಲಿಸ್ಬೇಕು. ಒಲೆ ಕಿಟಕಿ ಕಡೆ ತಿರುಗಬೇಕು. ಈರುಳ್ಳಿ ಹೆಚ್ಚುವಾಗ ನೀನು ಬಗ್ಗೋ ರೀತೀನೇ ಸರಿ ಇಲ್ಲ, ಪಕ್ಕದಲ್ಲೇ ನಿಂತು ಹೇಳ್ಕೊಡ್ತೀನಿ. ದಿನಾ.

ನಿವೃತ್ತಿಯಾದ ಹೊಸದರಲ್ಲಿ ಈತ ಮನೆಯೊಳಗಿದ್ದ ದಿನಗಳನ್ನು ನೆನೆದರೆ ಹೆಂಡತಿಗೆ ಈಗಲೂ ಬೆವರು ಬರುತ್ತದೆ. ಉಪ್ಪು ಎಷ್ಟು ಹಾಕಿದೆ, ಕುಕ್ಕರ್ ಯಾಕೆ ಕೂಗಲಿಲ್ಲ, ಪೊರಕೆ ಯಾಕೆ ಹೀಗೆ ಹಿಡಿದೆ. ಬೆಳಿಗ್ಗೆಯಿಂದ ರಾತ್ರಿವರೆಗೂ ತಪಾಸಣೆ. ಕಾರು ಶೆಡ್ಡಿಗೆ ಬಂದ ಮೇಲೆಯೇ ಅವಳಿಗೆ ತನ್ನ ಮನೆ ತನಗೆ ಸಿಕ್ಕಂತಾಗಿದ್ದು.

ಹೆಂಡತಿ: ನೀವು ಆಗ ರಿಪೇರಿ ಮಾಡಿದ ಮಿಕ್ಸಿ ಇವತ್ತಿಗೂ ತಿರುಗಲ್ಲ. ಗಡಿಯಾರ ಹಿಂದಕ್ಕೆ ಓಡತ್ತೆ. ನಲ್ಲಿಗೆ ಎರಡು ಏಟು ಕೊಡದೆ ನೀರು ಬರಲ್ಲ.

ಭಾಮೈದ: ನನ್ನ ಸೂಟ್‌ಕೇಸ್ ಮರೆತೆಯಲ್ಲ ಅಕ್ಕಾ. ಗಟ್ಟಿ ಮಾಡ್ಕೊಡ್ತೀನಿ ಅಂತ ಚಿಲಕ ಕಿತ್ತಿಟ್ಕೊಂಡ್ರು. ಅವತ್ತಿಂದ ಹಗ್ಗ ಕಟ್ಕೊಂಡು ಓಡಾಡ್ತಾ ಇದೀನಿ.

ಗಂಡ: ಆಗ ಅನುಭವ ಇರ್ಲಿಲ್ಲ. ಈಗ ಇದೆ.

ಹೆಂಡತಿ: ಚಹಾ ತರ್ತೀನಿ.

ಅವಳು ಒಳಗೆ ಹೋದವಳು ಚಹಾ ಮಾಡುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಕಪಾಟಿನ ಬಾಗಿಲು ತೆರೆದ ಸದ್ದು, ತಗಡಿನ ಡಬ್ಬಿಯೊಂದು ಕುಲುಕಿದ ಸದ್ದು ಕೇಳಿತು. ಆಮೇಲೆ ಚಹಾ ತಂದು, ಖಾಲಿ ಟ್ರೇಯ ಪಕ್ಕದಲ್ಲಿ ಬಗ್ಗಿ ಇಟ್ಟಳು. ಗಂಡ ಸಕ್ಕರೆ ಕದಡಿ, ಕೈಗೆ ಸಿಕ್ಕದ್ದನ್ನೆಲ್ಲ ಜೇಬಿಗೆ ಸೇರಿಸುವ ಅಭ್ಯಾಸದಂತೆ ಚಮಚವನ್ನೂ ಸೇರಿಸಿ, ಕಾರೊಳಗೆ ಕೂತು ಕೀಲಿ ತಿರುಗಿಸಿದ.

ಕಾರು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಇಡೀ ಶೆಡ್ಡು ನಡುಗುವಂತೆ ಗುರ್ರೆಂದಿತು. ಭಾಮೈದನಿಗೆ ಖುಷಿಯಲ್ಲಿ ಕಣ್ಣು ತುಂಬಿ ಬಂದು ಕಪ್ಪು ಕನ್ನಡಕ ಮಂಜಾಯಿತು.

ಭಾಮೈದ: ಭಾವ! ಓಡ್ತಾ ಇದೆ ಭಾವ!

ಹೆಂಡತಿ: ಅಯ್ಯೋ ರೀ, ಟ್ರೇನಲ್ಲಿ ಅದೇನೋ ಮಿಕ್ಕಿದೆಯಲ್ಲ!

ಗಂಡ ಎಂಜಿನ್ ಆರಿಸಿದ. ಕೆಳಗಿಳಿದು, ಟ್ರೇಯಲ್ಲಿದ್ದ ಸಣ್ಣ ಲೋಹದ ತುಂಡನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ನಿಟ್ಟುಸಿರು ಬಿಟ್ಟ.

ಗಂಡ: ಬಾನೆಟ್ಟಿನ ಕೊಂಡಿ ಇರ್ಬೇಕು. ಅಥವಾ ಗೇರ್‌ಬಾಕ್ಸಿಂದು. ಪೂರ್ತಿ ಬಿಚ್ಚಬೇಕು.

ಭಾಮೈದ: ಬಿಚ್ಚೋದಾ? ಅದಿಲ್ದೇನೇ ಓಡ್ತಲ್ಲ ಭಾವ!

ಗಂಡ: ಅದಿಲ್ದೇ ಓಡಿದ್ದೇ ಅಪಾಯ ಕಣಯ್ಯಾ.

ಭಾಮೈದ: ಒಂದೇ ಒಂದು ದಿನ! ಒಂದೇ ಒಂದು ರಸ್ತೆ! ನನ್ನ ಮಾನ ಉಳಿಸಿ!

ಗಂಡ: ನಿನ್ನ ಮಾನಕ್ಕಿಂತ ಪ್ರಾಣ ದೊಡ್ಡದಲ್ವಾ? ಮುಂದಿನ ವರ್ಷಾನೂ ಮೆರವಣಿಗೆ ಇರತ್ತೆ ಬಿಡು.

ಹೀಗೆಂದವನೇ ತುಂಡನ್ನು ಟ್ರೇಗೆ ಹಾಕಿ, ಸ್ಪ್ಯಾನರ್ ಹಿಡಿದು, ಮತ್ತೆ ಕಾರಿನಡಿಗೆ ತೂರಿಕೊಂಡ. ಅಲ್ಲಿಂದ ನಟ್ಟು ಸಡಿಲಿಸುವ ಸದ್ದು ಬರತೊಡಗಿತು. ಭಾಮೈದ ಹಲ್ಲು ಕಡಿಯುತ್ತ ಆ ತುಂಡನ್ನು ಎತ್ತಿಕೊಂಡ. ತಿರುಗಿಸಿ ನೋಡಿದ. ಇನ್ನೊಂದು ಬದಿಯಲ್ಲಿ, ಬಸ್ಸಿನಲ್ಲಿ ಅದಲುಬದಲಾಗದಿರಲೆಂದು ತಾನೇ ಮೊಳೆಯಲ್ಲಿ ಗೀಚಿದ್ದ ಗುರುತು.

ಭಾಮೈದ: ಅಕ್ಕಾ! ಇದು ನನ್ನ ಸೂಟ್‌ಕೇಸಿನ—

ಹೆಂಡತಿ ಅವನ ಬಾಯಿ ಮುಚ್ಚಿ, ಕುತ್ತಿಗೆಯ ವಸ್ತ್ರ ಹಿಡಿದು ಮೂಲೆಗೆ ಎಳೆದೊಯ್ದಳು. ಮುಂದಿನದೆಲ್ಲ ಪಿಸುಮಾತು.

ಹೆಂಡತಿ: ಕೂಗ್ಬೇಡ ಕಣೋ! ಹೌದು, ನಾನೇ ಹಾಕಿದ್ದು.

ಭಾಮೈದ: ಹೋದ ವರ್ಷ?

ಹೆಂಡತಿ: ಮಿಕ್ಸೀದು.

ಭಾಮೈದ: ಅದರ ಹಿಂದಿನ ವರ್ಷ?

ಹೆಂಡತಿ: ಇಸ್ತ್ರಿಪೆಟ್ಟಿಗೇದು. ಅವರು ಕೆಡಿಸಿದ ಸಾಮಾನಿನ ಚೂರೆಲ್ಲಾ ಡಬ್ಬಿ ತುಂಬಾ ಇಟ್ಟಿದೀನಿ.

ಭಾಮೈದ: ಈಗಲೇ ಹೇಳ್ತೀನಿ ಭಾವನಿಗೆ.

ಹೆಂಡತಿ: ಹೇಳು. ಸೋಮವಾರ ಅವರನ್ನ ನಿಮ್ಮನೆಗೇ ಕಳಿಸ್ತೀನಿ. ನಿನ್ನ ಹೆಂಡ್ತಿಗೆ ಈರುಳ್ಳಿ ಹೆಚ್ಚೋದು ಹೇಳ್ಕೊಡ್ಲಿ. ದಿನಾ.

ಭಾಮೈದ ತನ್ನ ಹೆಂಡತಿಯ ಮುಖ ನೆನೆದುಕೊಂಡ. ಟೋಪಿ ತೆಗೆದ. ಕನ್ನಡಕ ತೆಗೆದ. ಚಿಲಕವನ್ನು ಜೇಬಿಗೆ ಹಾಕಿಕೊಂಡು, ಇಂಗು ತಿಂದ ಮಂಗನ ಹಾಗೆ ಗೇಟು ದಾಟಿ ಹೋದ.

ಗಂಡ: (ಅಡಿಯಿಂದ) ಹೋದನಾ?

ಹೆಂಡತಿ: ಹೋದ. ಪಾಪ.

ಗಂಡ: ಮುಂದಿನ ಸಲ ಅವನ ಸಾಮಾನು ಹಾಕ್ಬೇಡ ಕಣೇ. ಗುರುತು ಹಿಡೀತಾನೆ.

ಶೆಡ್ಡಿನಲ್ಲಿ ನಟ್ಟಿನ ಸದ್ದೂ ನಿಂತಿತು. ಹೆಂಡತಿ ಮಂಡಿಯೂರಿ ಕಾರಿನಡಿಗೆ ಇಣುಕಿದಳು. ಗಂಡ ಆರಾಮವಾಗಿ ಮಲಗಿದ್ದ, ತಲೆಗೆ ದಿಂಬು ಬೇರೆ. ನಾಲ್ಕು ವರ್ಷದ ತನ್ನ ಜಾಣತನವೆಲ್ಲ ನೀರುಪಾಲಾಯಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಹೆಂಡತಿ: ಗೊತ್ತಿತ್ತಾ ನಿಮಗೆ?

ಗಂಡ: ಮಿಕ್ಸಿ ಪಾರ್ಟು ಕಾರಿಗೆ ಬರಲ್ಲ ಅಂತ ತಿಳಿಯದವನಿಗೆ ಮೂವತ್ತು ವರ್ಷ ಸಂಬಳ ಕೊಟ್ಟಿರ್ತಾರಾ?

ಹೆಂಡತಿ: ಮತ್ತೆ ಯಾಕೆ ಬಿಚ್ಚಿದ್ರಿ ಪ್ರತೀ ಸಲ?

ಗಂಡ: ಗಾಡಿ ರೆಡಿ ಅಂದ್ರೆ ನಿನ್ನ ತಮ್ಮ ಬಂದು ಪಕ್ಕದಲ್ಲಿ ಕೂರ್ತಾನೆ. ಆಮೇಲೆ ಬಾಡಿಗೆ ಡ್ರೈವರ್ ಥರ ನಿಮ್ಮ ಕಡೆಯವರನ್ನೆಲ್ಲಾ ಸುತ್ತಿಸ್ಬೇಕು. ಇಲ್ಲಿ ನೆಮ್ಮದಿಯಾಗಿದೀನಿ. ಅದಕ್ಕೇ ಕೆಲಸ ಮುಗಿಯೋ ಹೊತ್ತಿಗೆ ಅಡುಗೆಮನೆ ಮಾತೆತ್ತೋದು. ನೀನು ತಪ್ಪದೆ ಒಂದು ಪಾರ್ಟು ತರ್ತೀಯ.

ಹೆಂಡತಿ: ಅಂದ್ರೆ ಅಡುಗೆಮನೆಗೆ ಬರೋ ಆಸೆ ನಿಮಗೆ ಇಲ್ವೇ ಇಲ್ಲ?

ಗಂಡ: ನಿನ್ನ ಅಡುಗೆಮನೇಲಿ ನನಗೇನು ಕೆಲಸ?

ಹೆಂಡತಿ ಎದ್ದು ನಿಂತಳು. ಸೀರೆಗಂಟಿದ ಧೂಳು ಕೊಡವಿದಳು. ಕಾರಿನ ಬಾಗಿಲು ತೆರೆದು, ಪಕ್ಕದ, ಇದುವರೆಗೆ ಯಾರೂ ಕೂರದ ಹೊಸ ಚರ್ಮದ ಸೀಟಿನ ಮೇಲೆ ಸರಿಯಾಗಿ ಒತ್ತಿ ಕೂತಳು.

ಹೆಂಡತಿ: ಹಾಗಿದ್ರೆ ಇನ್ನು ನನಗೆ ಭಯ ಇಲ್ಲ. ಸಡಿಲಿಸಿದ್ದನ್ನ ಬಿಗೀರಿ. ನಾಳೆ ಮೆರವಣಿಗೇಲಿ ಪಕ್ಕದಲ್ಲಿ ನಾನೇ ಕೂರೋದು. ಆಮೇಲೂ ಅಷ್ಟೆ, ದಿನಾ ಸಂಜೆ ಸುತ್ತಾಟ. ನೀವು ಹೇಗೆ ಓಡಿಸ್ಬೇಕು ಅಂತ ಪಕ್ಕದಲ್ಲೇ ಕೂತು ಹೇಳ್ಕೊಡ್ತೀನಿ.

ಕಾರಿನಡಿಯಿಂದ ಗ್ರೀಸು ಮೆತ್ತಿದ ಕೈಯೊಂದು ಮೆಲ್ಲಗೆ ಹೊರಬಂದು, ತಡಕಾಡಿ, ಟ್ರೇಯೊಳಗೆ ಏನನ್ನೋ ಟಣ್ಣೆಂದು ಹಾಕಿತು.

ಗಂಡ: ಅಯ್ಯೋ, ನೋಡೇ! ಇನ್ನೊಂದು ಪಾರ್ಟು ಮಿಕ್ಕಿದೆ!

ಹೆಂಡತಿ: ರೀ, ಅದು ಸಕ್ಕರೆ ಚಮಚ!

ಗಂಡ: ಏನಾದ್ರೂ ಆಗ್ಲಿ, ಮಿಕ್ಕಿದೆ ತಾನೇ? ಇಳಿ ಕೆಳಗೆ. ಪೂರ್ತಿ ಬಿಚ್ಚಬೇಕು.