ಜಗನ್ನಾಥ ಮಾಸ್ತರರ ಒದರುವ ಯಂತ್ರ

ಹುಗಿದ ಜಾಗ ಮರೆಯುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಂದೇ ಡಬ್ಬಿಯನ್ನು ಮೂರು ಕಡೆ ಹುಗಿದು, ಕೊನೆಗೆ ಹುಗಿದದ್ದು ಎಲ್ಲಿ ಎಂಬುದನ್ನೇ ಮರೆಯಬೇಕಾದರೆ ಮಾನವಿಯ ಜಗನ್ನಾಥ ಮಾಸ್ತರರೇ ಆಗಬೇಕು.

ಹಿಂದಿನ ವರ್ಷ ನಿಜಾಮನ ಕಡೆಯ ರಜಾಕಾರರ ಗಲಾಟೆಯಲ್ಲಿ ಊರು ಬಿಡುವ ಮುನ್ನ, ಹೆಂಡತಿ ಸತ್ಯಭಾಮಾಬಾಯಿಯ ಕಾಸಿನ ಸರವನ್ನು ತಗಡಿನ ಡಬ್ಬಿಯಲ್ಲಿಟ್ಟು ಗುಡ್ಡದ ಬಂಡೆಯ ಬುಡದಲ್ಲಿ ಹುಗಿದರು. ಗುಡ್ಡ ಶೋಧಿಸುತ್ತಾರಂತೆ ಎಂದು ಯಾರೋ ಅಂದರು. ಕಿತ್ತು ತಂದು ಎರೆಹೊಲದಲ್ಲಿ ಹುಗಿದರು. ಹೊಲ ಅಗೆಯುತ್ತಾರಂತೆ ಎಂದು ಇನ್ನೊಬ್ಬರು ಅಂದರು. ಮನೆಯ ಹಿತ್ತಲಿಗೆ ತಂದರು. ಅಲ್ಲಿಂದ ಮತ್ತೆ ಗುಡ್ಡಕ್ಕೆ ಒಯ್ದರೋ, ಒಯ್ಯಬೇಕೆಂದುಕೊಂಡು ಬಿಟ್ಟರೋ, ದೇವರಿಗೇ ಗೊತ್ತು. ಅಷ್ಟರಲ್ಲಿ ಎದ್ದೆನೋ ಬಿದ್ದೆನೋ ಎಂದು ಹೊಳೆ ದಾಟಿ ಆದವಾನಿಯ ನಿರಾಶ್ರಿತರ ಛಾವಣಿ ಸೇರಿದ್ದಾಗಿತ್ತು.

ಈಗ ಊರು ತಣ್ಣಗಾಗಿದೆ, ಎಲ್ಲರೂ ಮರಳಿದ್ದಾರೆ. ಅತ್ತೆ ಕಾವೇರಿಬಾಯಿ ದೇವದುರ್ಗದಿಂದ ಹೇಳಿಕಳಿಸಿದ್ದರು: "ಸಂಜಿ ಬಸ್ಸಿಗೆ ಬರ್ತೀನಿ. ನಮ್ಮವ್ವನ ಸರ ಮಗಳ ಕೊರಳಾಗ ನೋಡಬೇಕು."

"ಅವ್ವಗ ನಾ ಏನರ ಹೇಳ್ತೀನಿ, ನೀವು ಸುಮ್ನಿರ್ರಿ" ಎಂದಳು ಸತ್ಯಭಾಮಾಬಾಯಿ.

ಸುಮ್ಮನಿದ್ದರೆ ಅವರು ಮಾಸ್ತರರು ಹೇಗಾದಾರು? "ಯಾಕ ಏನರ ಹೇಳಬೇಕು? ಜಾಗ ನನಗ ಅಂಗೈ ಗೆರಿ ಇದ್ಹಂಗ ಗೊತ್ತದ!" ಎಂದು ಎದೆಯುಬ್ಬಿಸಿ ಹೊರಬಿದ್ದವರು, ಮೊದಲ ಬಸ್ಸಿಗೇ ರಾಯಚೂರಿಗೆ ಓಡಿದರು. ನೆಲದೊಳಗಿನ ಲೋಹ ಕಂಡರೆ ಒದರುವ ಫೌಜಿನ ಯಂತ್ರ ತೀನ್ ಕಂದೀಲ್ ಹತ್ತಿರದ ಗುಜರಿ ಅಂಗಡಿಗೆ ಬಂದಿದೆ ಎಂದು ಅವರು ಕೇಳಿದ್ದರು.

ಅಂಗಡಿಯ ಕುತುಬುದ್ದೀನ್ ಎರಡು ಯಂತ್ರ ತಂದು ಮುಂದಿಟ್ಟ. ಉದ್ದನೆಯ ಕೋಲು, ತುದಿಗೆ ತಟ್ಟೆ, ಕಿವಿಗೆ ಎರಡು ಬಟ್ಟಲು, ಹೆಗಲಿಗೆ ಬ್ಯಾಟರಿಯ ಚೀಲ.

"ಮಾಸ್ತರ್ ಸಾಬ್, ಇದು ಲಡಾಯಿಯಲ್ಲಿ ಈಜಿಪ್ತಿನ ಮರಳು ತಿಂದು ಬಂದದ್ದು. ಇದು ಬರ್ಮಾದ ಕೆಸರು ಕುಡಿದದ್ದು. ನಿಮ್ಮ ಜಮೀನು ಎಂಥಾದ್ದು?"

"ಸ್ವಲ್ಪ ಬಂಡೆಗಲ್ಲು... ಸ್ವಲ್ಪ ಎರಿಹೊಲ... ಸ್ವಲ್ಪ ಹಿತ್ತಲ."

"ಯಾ ಅಲ್ಲಾ! ಒಂದು ಸಾಮಾನು ಮೂರು ಕಡೆ ಕಳಕೊಂಡೀರೇನು?"

"ಅಂಥಾ ಬುದ್ಧಿ ಅದಪ್ಪಾ ನಂದು. ಎಲ್ಲಾ ನೆಲಕ್ಕೂ ನಡಿಯೂದು ಯಾವುದದ ಹೇಳು."

"ಕಿವಿಗೆ ಹಾಕ್ಕೊಂಡು ನೀವೇ ನೋಡ್ರಿ."

ಮಾಸ್ತರರು ಮೊದಲನೆಯದನ್ನು ಹಾಕಿಕೊಂಡರು. ಕುಂಯ್ ಎಂದು ಒದರಿತು. ಎರಡನೆಯದು ಇನ್ನೂ ಜೋರಾಗಿ ಒದರಿತು. ಸುತ್ತ ಮುರಿದ ಟಾಂಗಾದ ಗಾಲಿ, ತೂತುಬಿದ್ದ ಕೊಡಪಾನ, ತುಕ್ಕು ಹಿಡಿದ ಸಲಾಕಿ. ಗುಜರಿ ಅಂಗಡಿಯಲ್ಲಿ ನಿಂತು ಲೋಹದ ಯಂತ್ರ ಪರೀಕ್ಷೆ ಮಾಡಿದವರು ಇವರೊಬ್ಬರೇ ಇರಬೇಕು. "ಇದರ ಗಂಟಲ ಚಲೋ ಅದ" ಎಂದು ಬರ್ಮಾದ್ದನ್ನು ಒಂದು ದಿನದ ಬಾಡಿಗೆಗೆ ಹಿಡಿದರು.

ಮಾನವಿಗೆ ಮರಳಿ ನೇರವಾಗಿ ಗುಡ್ಡ ಹತ್ತಿದರು. ಕೆಸರಿನ ರುಚಿ ಕಂಡ ಯಂತ್ರಕ್ಕೆ ಬಂಡೆ ಹೊಸದು. ಕಂಡ ಕಂಡ ಬಂಡೆಗೂ ಒದರಿತು. ಒದರಿದಲ್ಲೆಲ್ಲ ಅಗೆದು ಅಂಗೈಯಲ್ಲಿ ಬೊಬ್ಬೆ ಎದ್ದವು. 'ಮಕ್ಕಳಿಗೆ ಭೂಗೋಳ ಹೇಳ್ತೀಯಲ್ಲೋ ಜಗನ್ನಾಥಾ, ಕಲ್ಲಾಗ ಕಬ್ಬಿಣ ಇರ್ತದ ಅನ್ನೂದು ಮರತಿಯೇನು?' ಎಂದು ತಮ್ಮನ್ನೇ ಬೈದುಕೊಂಡು ಎರೆಹೊಲಕ್ಕೆ ಇಳಿದರು.

ಅಲ್ಲಿ ಹೊಲ ಮಾಡುವ ಪಕೀರಪ್ಪ ಎದುರಾದ. "ಏನ್ ಹುಡುಕಾಕತ್ತೀರ್ರಿ ಮಾಸ್ತರ್ರ?"

"ನೆಲದಾಗ ನೀರದನೋ ಇಲ್ಲೋ ನೋಡ್ಲಿಕತ್ತೀನಿ."

ಯಂತ್ರ ಒದರಿತು. ಪಕೀರಪ್ಪ ಹುರುಪಿನಿಂದ ಅಗೆದ. ಎತ್ತಿನ ಲಾಳ ಸಿಕ್ಕಿತು. ಮತ್ತೊಂದು ಕಡೆ ನೇಗಿಲಿನ ಮುರುಕು ಗುಳ. ಆಮೇಲೆ ಇನ್ನೊಂದು ಲಾಳ.

"ನೀರಿಲ್ಲ ಬಿಡ್ರಿ. ಎತ್ತು ಅದಾವ" ಎಂದು ಪಕೀರಪ್ಪ ಗುದ್ದಲಿ ಹೆಗಲಿಗೇರಿಸಿ ಹೊರಟುಹೋದ.

ಉಳಿದದ್ದು ಹಿತ್ತಲು. ಹೊತ್ತು ಇಳಿಯುತ್ತಿತ್ತು. "ಮೊದಲ ಊಟಾ ಮಾಡ್ರಿ, ಆ ಭೂತ ಕೆಳಗಿಡ್ರಿ" ಎಂದು ಸತ್ಯಭಾಮಾಬಾಯಿ ಎಷ್ಟು ಬೇಡಿಕೊಂಡರೂ ಬಟ್ಟಲು ಕಟ್ಟಿದ ಕಿವಿಗೆ ಬೀಳಲಿಲ್ಲ. ಕಿವಿ ಮುಚ್ಚಿಕೊಂಡವರಿಗೆ ತಮ್ಮ ಪಿಸುಮಾತು ಕೂಗಾಗಿದ್ದು ತಿಳಿಯುವುದಿಲ್ಲ. "ಕಾಸಿನ ಸರಾ, ಎಲ್ಲಿದ್ದೀ ನಮ್ಮಪ್ಪಾ? ಎಲ್ಲಿ ಹುಗದೆ ನಿನ್ನ?" ಎಂದು ಮಾಸ್ತರರು ಪಿಸುಗುಟ್ಟಿದ್ದು ಓಣಿಯ ಕೊನೆಗೆ ಮುಟ್ಟಿತು.

ಪಕ್ಕದ ಮನೆಯ ಭಾಗೀರಥಿಬಾಯಿ ಸೆರಗು ಕಟ್ಟಿಕೊಂಡು ಬಂದೇಬಿಟ್ಟಳು. "ನಮ್ಮ ತಾಮ್ರದ ಹಂಡೇನೂ ಹುಗದ ಜಾಗ ಮರತೀವ್ರೀ. ಒಂಚೂರು ನೋಡಿಕೊಡ್ರಿ, ಪುಣ್ಯಾ ಬರ್ತದ." ಇಲ್ಲವೆನ್ನಲು ಬಾರದು. ಹಂಡೆ ಸಿಕ್ಕಿತು. ಅದನ್ನು ಕಂಡು ಓಣಿಯೇ ಹಿಂದೆ ಬಂತು. ಊರು ಬಿಡುವಾಗ ಎಲ್ಲರೂ ಒಂದೊಂದು ಹುಗಿದವರೇ. ಒಬ್ಬರ ಬೆಳ್ಳಿಯ ತಂಬಿಗೆ, ಇನ್ನೊಬ್ಬರ ದೇವರ ಗಂಟೆ, ಮತ್ತೊಬ್ಬರ ಅಡಕೊತ್ತು, ಎಲ್ಲಾ ಸಿಕ್ಕವು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ!" ಎಂದು ಎಲ್ಲರೂ ಹರಸಿದರು. ಮಾಸ್ತರರ ಹೊಟ್ಟೆ ಬೆಳಗಿನಿಂದ ಖಾಲಿಯೇ ಇತ್ತು.

ಮರಳಿ ತಮ್ಮ ಹಿತ್ತಲಿಗೆ ಬಂದು ಬಾಳೆಗಿಡದ ಬುಡದಲ್ಲಿ ತಟ್ಟೆ ಆಡಿಸುವುದಕ್ಕೂ, ಕಾವೇರಿಬಾಯಿ ಗಂಟು ಹೊತ್ತು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಯಂತ್ರ ಕಿವಿ ಹರಿಯುವಂತೆ ಒದರಿತು. ಮಾಸ್ತರರು ಅಗೆದರು. ತಗಡಿನ ಡಬ್ಬಿ! ಕಣ್ಣಲ್ಲಿ ನೀರೇ ಬಂತು.

"ಬರ್ರಿ ಅತ್ತಿಯವರ, ನೋಡ್ರಿ ನಿಮ್ಮ ಅಳಿಯನ ಜಾಣತನ!" ಎಂದು ಓಣಿಯೆಲ್ಲ ನೋಡುವಂತೆ ಮುಚ್ಚಳ ತೆಗೆದರು.

ಒಳಗೆ ಹಳೆಯ ಅರಿವೆಯಲ್ಲಿ ಸುತ್ತಿದ ಕಲ್ಲುಗಳಿದ್ದವು.

ಓಣಿಯೇ ಡಬ್ಬಿಯ ಮೇಲೆ ಬಗ್ಗಿತು. "ಯಾರೋ ಕಳ್ಳರು ಒಯ್ದಾರ್ರೀ" ಎಂದಳು ಭಾಗೀರಥಿಬಾಯಿ.

ಕಾವೇರಿಬಾಯಿ ಕಲ್ಲೊಂದನ್ನು ತಿರುವಿ ನೋಡಿ ನಕ್ಕರು. "ಕಳ್ಳರು ಕಲ್ಲು ಸುತ್ತಿ ಇಡ್ತಾರೇನು? ಕಳ್ಳರ ಕಣ್ಣು ತಪ್ಪಸ್ಲಿಕ್ಕೆ ಅಳಿಯಂದಿರೇ ಇಟ್ಟಾರ. ಸರ ನಾಕನೇ ಕಡೆ ಹುಗದು ಅದನ್ನೂ ಮರತಾರ. ಹುಡುಕ್ರಿ, ಆತುರ ಏನಿಲ್ಲ. ಸರ ಕಣ್ಣಿಗೆ ಬೀಳೂತನಕ ನಾ ದೇವದುರ್ಗದ ಬಸ್ಸು ಹತ್ತೂದಿಲ್ಲ."

ಗಂಟು ನಡುಮನೆಗೆ ಹೋಯಿತು, ಹಾಸಿಗೆ ಬಿಚ್ಚಿಕೊಂಡಿತು.

ಮಾಸ್ತರರು ಅಡುಗೆಮನೆಯಲ್ಲಿ ಕುಸಿದು ಕುಳಿತರು. "ನಾ ಕಲ್ಲು ಇಟ್ಟಿಲ್ಲ, ನಿನ್ನಾಣಿಗೂ ಇಟ್ಟಿಲ್ಲ. ಸರ ಎಲ್ಲಿ ಹೋತ?"

ಸತ್ಯಭಾಮಾಬಾಯಿ ತಟ್ಟೆಗೆ ಅನ್ನ ಬಡಿಸುತ್ತ ಮೆಲ್ಲಗೆ ಹೇಳಿದಳು: "ನಿಮ್ಮ ಹೊಟ್ಟ್ಯಾಗ ಅದ."

"ಆಂ?"

"ಹಿತ್ತಲಕ್ಕ ಡಬ್ಬಿ ತಂದಾಗ ನೀವು ಗುದ್ದಲಿ ತರ್ಲಿಕ್ಕೆ ಹೋದ್ರಲ್ಲ, ಆಗ ಸರ ತಕ್ಕೊಂಡು ಕಲ್ಲು ಸುತ್ತಿಟ್ಟೆ. ಘಳಿಗಿಗೊಂದು ಜಾಗ ಮಾಡೋರ ಕೈಯಾಗ ಬಂಗಾರ ಬಿಡ್ತಾರೇನ್ರೀ? ಆದವಾನ್ಯಾಗ ಅಷ್ಟು ತಿಂಗಳು ಏನು ಉಂಡ್ವಿ ಅಂತ ಮಾಡೀರಿ? ಒಂದೊಂದೇ ಕಾಸು ಬಿಚ್ಚಿ ಮಾರಿದೆ."

"ನನಗ್ಯಾಕ ಹೇಳಲಿಲ್ಲ?"

"ಮಕ್ಕೊಳ್ಳುವಾಗ ದಿನಾ ನೀವು, 'ಹೆದರಬ್ಯಾಡ, ನೆಲದಾಗ ನಿನ್ನ ಸರ ಅದ' ಅಂತ ಧೈರ್ಯ ಹೇಳ್ತಿದ್ರಿ. ಹೆಂಗ ಹೇಳ್ಲಿ? ಅವ್ವಗೂ ಹೇಳಬ್ಯಾಡ್ರಿ. ಹೇಳಿದ್ರ, ಅಳಿಯ ಹೆಂಡತಿ ಬಂಗಾರ ತಿಂದು ಬದುಕಿದ ಅಂತ ದೇವದುರ್ಗಕ್ಕೆಲ್ಲ ಗೊತ್ತಾಗ್ತದ."

ಮಾಸ್ತರರು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ಹೆಂಡತಿಯ ಬರಿಗೊರಳನ್ನು ನೋಡಲಾರದೆ ತಲೆ ತಗ್ಗಿಸಿದರು.

ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ದನಿ ಬಂತು: "ಅಳಿಯಂದಿರ, ಊಟ ಆತೇನ್ರಿ? ಇನ್ನೂ ಬೆಳಕದ. ಬಾವಿ ಕಡಿಂದ ಸುರು ಮಾಡೂಣು ಬರ್ರಿ, ನಾ ಹೊರಸು ಹಾಕ್ಕೊಂಡು ಕೂತೀನಿ."

ಮಾಸ್ತರರು ಕೈ ತೊಳೆದು, ಬಟ್ಟಲುಗಳನ್ನು ಕಿವಿಗೆ ಏರಿಸಿಕೊಂಡು, ಇಲ್ಲದ ಸರವನ್ನು ಹುಡುಕಲು ಹೊರಟರು.